ಮೇಷ್ಟ್ರವ್ವನ ಹೆಸರು

ಹೆಸರಿಗೆ ಅರ್ಥವಿರಬೇಕು ಎಂಬ ಮಾತನ್ನು ಅಮರೇಶಪ್ಪ ಮೇಷ್ಟ್ರು ಆ ಬೆಳಿಗ್ಗೆ ಆಗಲೇ ಮೂರು ಸಲ ಹೇಳಿ ಮುಗಿಸಿದ್ದರು: ಒಮ್ಮೆ ಹಾಲು ಹಾಕುವವನಿಗೆ, ಒಮ್ಮೆ ಮಗಳು ಚಂದ್ರಕಲಾಗೆ, ಇನ್ನೊಮ್ಮೆ ಹಿಂದೂಪುರದ ಬಸ್ ನಿಲ್ದಾಣದಲ್ಲಿ ಹುಣಸೆಹಣ್ಣಿನ ಮೂಟೆಗೆ ಒರಗಿ ತೂಕಡಿಸುತ್ತಿದ್ದ ಯಾರೋ ಒಬ್ಬನಿಗೆ. ಮೂವರೂ ಹೌದು ಅಂದಿದ್ದರು. ಈ ಊರಿನ ಜನ ಎಲ್ಲದಕ್ಕೂ ಹೌದು ಅನ್ನುತ್ತಾರೆ. ಅಂದು, ತಲೆಯಾಡಿಸಿ, ಮನೆಗೆ ಹೋಗಿ ಹೆತ್ತ ಮಕ್ಕಳಿಗೆ ಸೋಪಿನ ಹೆಸರಿಡುತ್ತಾರೆ. ನಿವೃತ್ತರಾದ ಮೇಲೆ ಎಷ್ಟು ಮಂದಿ ಅವರ ಪಡಸಾಲೆಯ ಚಾಪೆಯ ಮೇಲೆ ಕೂತು, "ಒಂದೊಳ್ಳೆ ಹೆಸ್ರು ಬರ್ಕೊಡಿ ಮೇಷ್ಟ್ರೇ" ಎಂದು ಕೇಳಿ, ಕಾಫಿ ಕುಡಿದು, ಬರೆದುಕೊಟ್ಟ ಚೀಟಿಯನ್ನು ಕಣ್ಣಿಗೊತ್ತಿಕೊಂಡು ಹೋಗಿ, ಆಮೇಲೆ ಮಗುವಿಗೆ ಹನ್ಷಿಕಾ ಅಂತಲೋ ಯಶ್ವಿಕಾ ಅಂತಲೋ ಇಟ್ಟು ಸಕ್ಕರೆ ಹಂಚಿದ್ದರು. ಅರ್ಥ ಏನಪ್ಪಾ ಎಂದು ಕೇಳಿದರೆ ಫೋನು ತೆಗೆದು ಮುಖಕ್ಕೆ ಹಿಡಿಯುವರು. ಫೋನಿನಲ್ಲಿ ಯಾವ ಹೆಸರು ಒತ್ತಿದರೂ ಅದು ಲಕ್ಷ್ಮಿ ಅಂತಲೇ ಹೇಳುತ್ತದೆ. ಇಷ್ಟೊಂದು ಲಕ್ಷ್ಮಿಯರು ಹುಟ್ಟಿದ ಮೇಲೂ ಬೀದಿಯ ಚರಂಡಿ ಇದ್ದ ಹಾಗೇ ಇದೆಯಲ್ಲ ಎಂದು ಮೇಷ್ಟ್ರಿಗೆ ನಗು ಬರುತ್ತಿತ್ತು. ನಗು ಅಂದರೆ ತುಟಿಯ ಒಂದು ಮೂಲೆ ಮಾತ್ರ ಕೆಳಕ್ಕೆ ಜಾರುವುದು. ಹಿಂದಿನ ಬೆಂಚಿನ ಹುಡುಗರನ್ನು ನಲವತ್ತು ವರ್ಷ ನೋಡಿ ನೋಡಿ ಆ ಮೂಲೆ ಹಾಗೇ ನಿಂತುಹೋಗಿತ್ತು.

ಇವತ್ತು ಅವರದೇ ಮೊಮ್ಮಗಳ ಸರದಿ. ಪಶು ಆಸ್ಪತ್ರೆಯಲ್ಲಿ ನೌಕರಿಯಲ್ಲಿದ್ದ ಮಗ ಕೊಟ್ರೇಶನ ಮೊದಲ ಮಗು, ಹೆಣ್ಣು. ಕಲ್ಯಾಣದುರ್ಗದಲ್ಲಿ ಸೊಸೆಯ ತವರಿನಲ್ಲಿ ತೊಟ್ಟಿಲ ಶಾಸ್ತ್ರ. ಮಗುವಿನ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ, ಅಂದರೆ ಚಂದ್ರಕಲಾ. ಅವಳು ಬಗ್ಗಿ ಏನು ಉಸುರುತ್ತಾಳೋ ಅದೇ ಹೆಸರು, ಆಮೇಲೆ ಶಿವನೇ ಇಳಿದು ಬಂದರೂ ತಿದ್ದುವಂತಿಲ್ಲ. ಹಾಗಾಗಿ ಮೇಷ್ಟ್ರು ಒಂದು ವಾರದಿಂದ ಮಗಳನ್ನು ಪರೀಕ್ಷೆಗೆ ತಯಾರು ಮಾಡಿದಂತೆ ತಯಾರು ಮಾಡುತ್ತಿದ್ದರು. ಜೇಬಿನಲ್ಲಿ ನಾಲ್ಕಾಗಿ ಮಡಚಿದ ಒಂದು ಹಾಳೆಯಿತ್ತು. ಅದರಲ್ಲಿ ಅವರ ದುಂಡನೆಯ ಅಕ್ಷರದಲ್ಲಿ ಮೇಲೆ ಹೆಸರು, ಕೆಳಗೆ ಅದರ ಅರ್ಥ, ಅದರ ಕೆಳಗೆ ಅದು ಬಂದ ದಾರಿ. ಭ್ರಮರಾಂಬ. ಅವರ ತಾಯಿಯ ಹೆಸರು. ತಾಯಿ ತೀರಿಕೊಂಡು ಇಪ್ಪತ್ತೇಳು ವರ್ಷವಾಗಿತ್ತು.

"ಏನ್ ಹೇಳ್ಬೇಕು ನೆನಪೈತಾ?" ಎಂದರು ಬಸ್ಸು ಮಡಕಶಿರಾದ ಕಡೆ ತಿರುಗಿದ ಮೇಲೆ.

"ಐತೆ ಅಪ್ಪಾಜಿ."

"ಹೇಳು ನೋಡಾನ."

"ಬಸ್ನಾಗಾ? ಕಂಡಕ್ಟರ್ ಕಿವಿಗೂ ಊದ್ಬುಡ್ಲಾ?" ಚಂದ್ರಕಲಾ ಕಿಟಕಿಯ ಕಡೆಯಿಂದ ಮುಖ ತಿರುಗಿಸಲಿಲ್ಲ. "ನೀವೇ ಒಂದ್ಸಲ ಹೇಳ್ರಿ, ನಾನು ಹಿಂದಿಂದ ಹೇಳ್ತೀನಿ."

"ಬರ್ಕೊಟ್ಟಿದೀನಲ್ಲಮ್ಮ."

"ಅದೇ. ಬರ್ಕೊಡ್ತೀರ. ಅಷ್ಟು ಚೆಂದದ ಹೆಸ್ರು ಅಂತೀರಲ್ಲ, ನಂಗ್ಯಾಕೆ ಇಡ್ಲಿಲ್ಲ?"

"ಆಗ ಅವ್ವ ಬದುಕಿದ್ಲು ಕಣಮ್ಮ. ಬದುಕಿರೋರ ಹೆಸ್ರು ಮಗೀಗಿಟ್ರೆ, ನಾಳೆ ಆ ಮಗೀನ ಬೈಯೋದೆಂಗೆ, ಹೊಡೆಯೋದೆಂಗೆ? ಹೆತ್ತವಳ ಹೆಸ್ರು ಹಿಡಿದು ಬೈದಂಗಾಯ್ತದೆ."

"ಸಲೀಸಾಗಿ ಬೈಯೋಕೆ ಆಗ್ಲಿ ಅಂತ ನಂಗೆ ಚಂದ್ರಕಲಾ ಅಂತ ಇಟ್ರಿ ಅನ್ನಿ."

ಮೇಷ್ಟ್ರು ಕಿಟಕಿಯಾಚೆ ನೋಡಿದರು. ಪಾವಗಡದ ಬಯಲಿನಲ್ಲಿ ಗಾವುದಗಟ್ಟಲೆ ಬಿಸಿಲು ಹಿಡಿಯುವ ಗಾಜಿನ ಹಲಗೆಗಳು ಒಂದೇ ಕಡೆ ಮುಖ ಮಾಡಿ ಕೂತಿದ್ದವು, ಪಾಠ ಅರ್ಥವಾಗದೆಯೂ ಕರಿಹಲಗೆ ನೋಡುವ ಮಕ್ಕಳ ಹಾಗೆ. ಬೋರ್ಡುಗಳು ತೆಲುಗಿನಿಂದ ಕನ್ನಡಕ್ಕೆ ಬಂದು, ಗಂಟೆ ಕಳೆಯುವಷ್ಟರಲ್ಲಿ ಮತ್ತೆ ತೆಲುಗಿಗೆ ಹೋಗುತ್ತವೆ. ಪುರ ಪುರಂ ಆಗಿ ಊರ ಹೆಸರಿನ ಕೊನೆಗೆ ಒಂದು ಸೊನ್ನೆ ಅಂಟಿಕೊಳ್ಳುತ್ತದೆ, ಬಿಡುತ್ತದೆ. ಚಂದ್ರಕಲಾ ಅಂದರೇನು ಕೆಟ್ಟ ಹೆಸರೇ? ಶಿವನ ಜಟೆಯಲ್ಲಿರುವುದು. ಮಗಳು ಅದನ್ನೆಲ್ಲ ಯೋಚಿಸುವವಳಲ್ಲ. ಆದರೆ ಬೈದದ್ದು ನಿಜ. ಚಂದ್ರಕಲಾ ಎಂದು ಆ ಮನೆಯಲ್ಲಿ ದಿನಕ್ಕೆ ನೂರು ಸಲ ಕೂಗಿದ್ದಿರಬಹುದು, ನೀರು ಇಲ್ಲ ಎಂದು, ಲೆಕ್ಕ ತಪ್ಪಿತು ಎಂದು, ಅಂಗಿಯ ಗುಂಡಿ ಕಿತ್ತಿತು ಎಂದು. ಅವ್ವ ಒಳಮನೆಯಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದಳು. ಅವ್ವನನ್ನು ಮಾತ್ರ ಆ ಮನೆಯಲ್ಲಿ ಯಾರೂ ಹೆಸರು ಹಿಡಿದು ಕರೆದದ್ದಿಲ್ಲ. ಗಂಡ ಬದುಕಿದ್ದಾಗ "ಏನೇ" ಎಂದು ಕರೆಯುತ್ತಿದ್ದ. ಅವನು ಹೋದ ಮೇಲೆ ಊರೆಲ್ಲ ಮೇಷ್ಟ್ರವ್ವ ಅಂದಿತು. ಎಂಥ ಮರ್ಯಾದೆ, ಎಂದು ಆಗ ಎದೆ ಉಬ್ಬುತ್ತಿತ್ತು. ಮಗನ ಕೆಲಸವೇ ತಾಯಿಗೆ ಹೆಸರಾಗುವುದು ಎಷ್ಟು ಮಂದಿಗುಂಟು. ತಾಯಿಯ ಹೆಸರೆಂದರೆ ಗರ್ಭಗುಡಿಯ ಹಾಗೆ, ಹೊಸ್ತಿಲಲ್ಲಿ ನಿಂತು ಕೈಮುಗಿಯಬೇಕು, ಒಳಗೆ ಕಾಲಿಡಬಾರದು ಎಂದು ತರಗತಿಯಲ್ಲಿ ಹೇಳಿದ್ದರು. ಮಕ್ಕಳು ಅದನ್ನು ಬರೆದುಕೊಂಡಿದ್ದವು.

ಜೇಬಿನ ಹಾಳೆಯನ್ನು ಮುಟ್ಟಿ ನೋಡಿಕೊಂಡರು. ಭ್ರಮರ ಎಂದರೆ ದುಂಬಿ, ಅಂಬಾ ಎಂದರೆ ತಾಯಿ. ಅರುಣನೆಂಬ ರಕ್ಕಸ ತಪಸ್ಸು ಮಾಡಿ ಎರಡು ಕಾಲಿನದರಿಂದಲೂ ಸಾವು ಬೇಡ, ನಾಲ್ಕು ಕಾಲಿನದರಿಂದಲೂ ಬೇಡ ಎಂದು ಬೇಡಿಕೊಂಡ. ಬುದ್ಧಿವಂತ, ಎಲ್ಲ ಕಾಲುಗಳನ್ನೂ ಎಣಿಸಿದೆನೆಂದುಕೊಂಡ. ತಾಯಿ ನಕ್ಕು, ಆರು ಕಾಲಿನ ದುಂಬಿಗಳನ್ನು ಹಿಂಡುಹಿಂಡಾಗಿ ಬಿಟ್ಟಳು. ಆ ತಾಯಿಯೇ ಶ್ರೀಶೈಲದಲ್ಲಿ ಮಲ್ಲಯ್ಯನ ಪಕ್ಕ ನಿಂತವಳು. ನಮ್ಮ ಕಡೆಯ ಜನ ಅವಳನ್ನು ದೇವರು ಅನ್ನುವುದಕ್ಕಿಂತ ಮನೆ ಮಗಳು ಅನ್ನುವುದೇ ಹೆಚ್ಚು. ಯುಗಾದಿಗೆ ಮುಂಚೆ ಕಾಡುಮೇಡು ತುಳಿದು ಸೀರೆ, ಅರಿಶಿನ, ಬಳೆ ಹೊತ್ತು ಹೋಗುತ್ತಾರೆ, ಮದುವೆ ಮಾಡಿಕೊಟ್ಟ ಮಗಳ ಮನೆಗೆ ಹೋದ ಹಾಗೆ. ಅಳಿಯ ಮಲ್ಲಯ್ಯನ ಮೇಲೆ ಸಲಿಗೆಯಿಂದ ಸಿಡುಕುತ್ತಾರೆ. ಗುಡಿಯ ಹಿಂಗೋಡೆಗೆ ಕಿವಿಯಿಟ್ಟರೆ ಇಂದಿಗೂ ದುಂಬಿಯ ಝೇಂಕಾರ ಕೇಳಿಸುತ್ತದೆ ಎಂದು ಹಾಳೆಯ ಕೊನೆಯಲ್ಲಿ ಬರೆದಿದ್ದರು. ಹತ್ತು ವರ್ಷದವನಾಗಿದ್ದಾಗ ಅವ್ವನೇ ಅವರನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ಗೋಡೆಗೆ ಅವರ ಕಿವಿ ಒತ್ತಿ, "ಕೇಳ್ತಾ?" ಎಂದು ಕೇಳಿದ್ದಳು. ಹಿಂದಿನಿಂದ ತಳ್ಳುವವರ ಗದ್ದಲ ಬಿಟ್ಟು ಇನ್ನೇನೂ ಕೇಳಿಸಿರಲಿಲ್ಲ. "ಕೇಳ್ತು" ಎಂದಿದ್ದರು. ಅವತ್ತಿನಿಂದ ಇವತ್ತಿನವರೆಗೆ ಕೇಳಿದೆನೆಂದೇ ಹೇಳಿಕೊಂಡು ಬಂದಿದ್ದರು. ಅರ್ಥ ಗೊತ್ತಿದ್ದವನಿಗೆ ಸದ್ದು ಕೇಳದಿದ್ದರೆ ಏನಾಯಿತು?

ಅವರನ್ನು ಬೆಳಗಿನಿಂದ ಕೊರೆಯುತ್ತಿದ್ದುದು ಬೇರೆ. ಸೊಸೆಯ ತಾಯಿ, ಬೀಗಿತಿ ಪದ್ಮಲತಾ.

ಮೂರು ವರ್ಷದ ಹಿಂದೆ ಹೆಣ್ಣು ನೋಡಲು ಹೋದಾಗ ಆಕೆ ತಟ್ಟನೆ ಬಗ್ಗಿ ಕಾಲು ಮುಟ್ಟಿ, "ನಾನು ನಿಮ್ಮ ಸ್ಕೂಲ್ನೋಳೇ ಮೇಷ್ಟ್ರೇ, ಕುಂದುರ್ಪಿ ಹತ್ರದೋಳು" ಎಂದಿದ್ದಳು. ಎಲ್ಲರೂ ಖುಷಿಪಟ್ಟರು, ಗುರು ಶಿಷ್ಯೆ ಬೀಗರಾಗುವುದೆಂದರೆ ಮಲ್ಲಯ್ಯನೇ ಕೂಡಿಸಿದ್ದು ಎಂದರು. ಮೇಷ್ಟ್ರೂ ತುಟಿ ಬಿಚ್ಚಿದರು. ಕಾಫಿ ಅರ್ಧ ಕುಡಿದ ಮೇಲೆ ನೆನಪಾಗಿ, ಉಳಿದರ್ಧವನ್ನು ಹಾಗೇ ಕೆಳಗಿಟ್ಟರು. ಕುರಿಹಟ್ಟಿಯ ಪಕ್ಕದ ಒಂದೇ ಕೋಣೆಯ ಕನ್ನಡ ಶಾಲೆ. ಇವರಿಗೆ ಆಗ ಇಪ್ಪತ್ತನಾಲ್ಕು. ಶಾಲೆಗೆ ಅಂಟಿದಂತೆ ಇವರ ಮನೆ, ನಡುವೆ ಒಂದು ಮಣ್ಣಿನ ಗೋಡೆ, ಗೋಡೆಯಾಚೆ ಅವ್ವ. ಜೂನ್ ತಿಂಗಳಲ್ಲಿ ಓಬಳೇಶಪ್ಪ ಅನ್ನುವ ರೈತ ಮಗಳ ಕೈ ಹಿಡಿದು ತಂದು ನಿಲ್ಲಿಸಿದ. ಹೆಸರೇನು ಎಂದರೆ ಹುಡುಗಿಯೇ ಹೇಳಿತು, ಎದೆ ಸೆಟೆಸಿ, ದೊಡ್ಡ ಗಂಟಲಿನಲ್ಲಿ: ಭ್ರಮರಾಂಬ. ಮೇಷ್ಟ್ರ ಪೆನ್ನು ನಿಂತಿತು. ಈ ಹೆಸರನ್ನು ದಿನಾ ಬೆಳಿಗ್ಗೆ ಹಾಜರಿಗೆ ಕೂಗಬೇಕು, ಮಗ್ಗಿ ಬರದಿದ್ದರೆ ಕೋಲೆತ್ತಿ ಕೂಗಬೇಕು, ಗೋಡೆಯಾಚೆ ಅವ್ವ ಅಕ್ಕಿ ಆರಿಸುತ್ತ ಕೇಳಿಸಿಕೊಳ್ಳಬೇಕು. "ಇದು ಉದ್ದ ಆಯ್ತದೆ, ಒತ್ತಕ್ಷರ ಜಾಸ್ತಿ. ಪದ್ಮಲತಾ ಅಂತ ಬರ್ಕೊಳ್ಳಾನ" ಎಂದರು. ಓಬಳೇಶಪ್ಪ ಟವೆಲನ್ನು ಹೆಗಲಿನಿಂದ ತೆಗೆದು ಕಂಕುಳಿಗೆ ಇಟ್ಟುಕೊಂಡು, "ನೀವು ಎಂಗ್ ಬರ್ಕಂಡ್ರೂ ಸರಿ ಬುದ್ಧಿ, ಓದಿದೋರು" ಎಂದ. ಹುಡುಗಿ ಮಾತ್ರ ಇವರನ್ನೇ ನೋಡುತ್ತಿತ್ತು.

ಅಲ್ಲಿಗೆ ಮುಗಿದಿದ್ದರೆ ಮರೆಯಬಹುದಿತ್ತು. ಒಂದು ತಿಂಗಳು ಇವರು ಪದ್ಮಲತಾ ಎಂದು ಕೂಗುವರು, ಹುಡುಗಿ ಎರಡು ಮಾರು ದೂರದಲ್ಲಿ ಕಣ್ಣು ಪಿಳಿಪಿಳಿ ಬಿಡುತ್ತ ಕೂತಿರುವಳು, ಇವರು ಪುಸ್ತಕದಲ್ಲಿ ಗೈರುಹಾಜರಿ ಗುರುತು ಹಾಕುವರು. ಹಾಕುವಾಗ ಒಂದು ನಮೂನೆಯ ಸುಖವಿತ್ತು. ಅದನ್ನು ಇಷ್ಟು ವರ್ಷವಾದರೂ ಶಿವಪೂಜೆಗೆ ಕೂತಾಗಲೂ ಒಪ್ಪಿಕೊಂಡಿರಲಿಲ್ಲ. ಮೂವತ್ತು ದಿನ ಎದುರಿಗೆ ಕೂತ ಮಗುವನ್ನು ಇಲ್ಲ ಎಂದು ಬರೆದರು. ಆಮೇಲೆ ಒಂದು ದಿನ ಕೂಗಿದರೂ ಓಗೊಡದ ತಪ್ಪಿಗೆ ಅಂಗೈಗೆ ನಾಲ್ಕು ಬಿಟ್ಟರು. ಐದನೆಯದಕ್ಕೆ ಅದು, ಅಳುವಿನ ನಡುವೆ, "ಹಾಜರ್ ಸಾರ್" ಎಂದಿತು. ಅಲ್ಲಿಗೆ ಪದ್ಮಲತಾ ಹುಟ್ಟಿದಳು. ಪದ್ಮಲತಾ ಆಗಿಯೇ ಪಾಸಾದಳು, ಮದುವೆಯಾದಳು, ಪಡಿತರ ಚೀಟಿಯಲ್ಲಿ, ಆಧಾರಿನಲ್ಲಿ, ಗಂಡನ ಪಂಪ್‌ಸೆಟ್ ಅಂಗಡಿಯ ಬೋರ್ಡಿನಲ್ಲಿ ನಿಂತಳು. ಅವಳಿಗೆ ನೆನಪಿದೆಯೋ ಇಲ್ಲವೋ? ಮೂರು ವರ್ಷದಲ್ಲಿ ಒಂದು ಸಲವೂ ಎತ್ತಿಲ್ಲ. ಬೀಗರೇ ಅನ್ನುತ್ತಾಳೆ, ಹೋಳಿಗೆಗೆ ತುಪ್ಪ ಹೆಚ್ಚು ಹಾಕುತ್ತಾಳೆ. ಆ ತುಪ್ಪವೇ ಮೇಷ್ಟ್ರಿಗೆ ಅನುಮಾನ. ಅಷ್ಟು ಚಿಕ್ಕ ವಯಸ್ಸಿನದೆಲ್ಲ ಯಾರಿಗೆ ನೆನಪಿರುತ್ತದೆ ಎಂದುಕೊಂಡರು. ನೆನಪಿದ್ದರೂ ಏನೀಗ, ಅವಳು ಹತ್ತನೇ ತರಗತಿಯನ್ನು ಎರಡನೆಯ ಸಲ ಕಟ್ಟಿ ಪಾಸಾದವಳು ಎಂದೂ ಅಂದುಕೊಂಡರು, ಅದೇ ಉತ್ತರವೆಂಬಂತೆ.

ಕಲ್ಯಾಣದುರ್ಗದಲ್ಲಿ ಬೀಗರ ಮನೆ ಅಂಗಡಿಯ ಮೇಲಿನ ಮಹಡಿ. ಮೆಟ್ಟಿಲ ಪಕ್ಕದಲ್ಲೆಲ್ಲ ಕರಿಯ ಪೈಪಿನ ಸುರುಳಿಗಳು. ನಡುಮನೆಯಲ್ಲಿ ಬಲೂನಿನ ಕಮಾನು ಕಟ್ಟಿದ್ದರು. ಅದರ ನಡುವೆ ಬಾಡಿಗೆಗೆ ತಂದ ತೊಟ್ಟಿಲು, ಪ್ಲಾಸ್ಟಿಕ್ ಸೇವಂತಿಗೆ. ಹಿಂದಿನ ಗೋಡೆಗೆ ಒಂದು ರೇಷ್ಮೆ ಶಾಲು ಇಳಿಬಿಟ್ಟಿತ್ತು. ಫ್ಯಾನಿನ ಗಾಳಿಗೆ ಅದು ಮೇಲೆದ್ದಾಗ ಅಡಿಯಲ್ಲಿ ಥರ್ಮೋಕೋಲಿನಲ್ಲಿ ಕೊರೆದ ಇಂಗ್ಲಿಷ್ ಅಕ್ಷರಗಳ ಬುಡಗಳು ಕಂಡವು. ಮೇಷ್ಟ್ರು ಎಣಿಸಿದರು. ಏಳು. ಹಾಗಾದರೆ ಹೆಸರು ಆಗಲೇ ಕೊರೆದಾಗಿದೆ.

"ಏನದು?" ಎಂದರು ಮಗನನ್ನು ಮೂಲೆಗೆ ಕರೆದು.

ಕೊಟ್ರೇಶ ತಲೆ ಕೆರೆದುಕೊಂಡ. "ರಿಯಾನ್ವಿ ಅಂತ ಅಪ್ಪಾಜಿ. ಚಿತ್ತಾ ನಕ್ಷತ್ರ, ರಿ ಅಕ್ಷರ ಬಂದೈತೆ. ಸ್ಪಂದನಾಗೂ ಇಷ್ಟ ಆಯ್ತು."

"ಅರ್ಥ?"

"ಅದು... ಒಳ್ಳೇದೇ ಬತ್ತದೆ. ಲಕ್ಷ್ಮಿ."

"ನಿಮ್ಮಜ್ಜಿ ಹೆಸ್ರು?"

"ಅದ್ನೂ ಬುಟ್ಟಿಲ್ಲ ಅಪ್ಪಾಜಿ, ಬುಡ್ತೀವಾ? ಹಿಂದೆ ಇನಿಷಿಯಲ್ ಹಾಕಿಸ್ತೀನಿ. ಬಿ. ರಿಯಾನ್ವಿ ಬಿ."

ರಕ್ಕಸನನ್ನು ಕೊಂದವಳು ಕೊನೆಗೆ ಒಂದು ಇಂಗ್ಲಿಷ್ ಅಕ್ಷರವಾಗಿ ಮೊಮ್ಮಗಳ ಬಾಲಕ್ಕೆ ಅಂಟುವಳು. ಮೇಷ್ಟ್ರು ಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಎಮ್ಮೆಗಳ ಬಾಯಿ ಬಿಡಿಸಿ ಔಷಧಿ ಹಾಕುವ ಕೈ. ಸೊಸೆಯ ಹೆಸರೇ ಸ್ಪಂದನ, ಡಾಕ್ಟರ ಮಿಷನ್ನಿನಲ್ಲಿ ಗೆರೆಯಾಗಿ ಓಡುವಂಥದು. ಅವಳಿಂದ ಇನ್ನೇನು ಹುಟ್ಟೀತು. ಆ ಹುಡುಗಿ ಮಗುವನ್ನು ಭುಜಕ್ಕೆ ಹಾಕಿಕೊಂಡು ಬೆನ್ನು ತಟ್ಟುತ್ತ ಇತ್ತ ಬಂದಳು. ಮಗುವಿನ ಬಾಯಿಂದ ಹಾಲು ಅವಳ ಹೊಸ ಸೀರೆಯ ಮೇಲೆ ಹರಿದಿತ್ತು, ಅದು ಅವಳಿಗೆ ಗೊತ್ತೇ ಇರಲಿಲ್ಲ. ಅವಳನ್ನು ಎಷ್ಟು ತಿರಸ್ಕರಿಸಬೇಕೆಂದು ಹೊರಟರೋ ಅಷ್ಟು ಆಗಲಿಲ್ಲ. "ಬೇಜಾರಾಗ್ಬ್ಯಾಡ್ರಿ ಮಾವ" ಎಂದಳು. "ನೀವೇನೋ ಬರ್ಕಂಡ್ ಬಂದೀರಂತೆ. ಓದ್ರಿ, ಎಲ್ರೂ ಕೇಳಾನ. ಚೆನ್ನಾಗಿದ್ರೆ ಅದ್ನೇ ಇಡಾನ, ಅದಕ್ಕೇನಂತೆ."

ಇಷ್ಟು ಸುಲಭವಾಗಿ ಬಿಟ್ಟುಕೊಡುವ ಹೆಸರನ್ನು ಅಷ್ಟು ಖರ್ಚು ಮಾಡಿ ಯಾಕೆ ಕೊರೆಸಿದರೋ. ಆದರೂ ಮೇಷ್ಟ್ರು ಹಾಳೆ ಬಿಡಿಸಿ, ಕನ್ನಡಕ ಏರಿಸಿ, ಬಲೂನುಗಳ ಕೆಳಗೆ ನಿಂತು ಓದಿದರು. ಮೂವತ್ತು ನಲವತ್ತು ಹೆಂಗಸರು ನೆಲದ ಮೇಲೆ ಕೂತಿದ್ದರು. ಮೇಲಿನ ಸಾಲಿನ ಹೆಸರನ್ನು ದಾಟಿ ನೇರ ಅರ್ಥಕ್ಕೆ ಇಳಿದರು. ಹಾಗೆ ದಾಟಿದ್ದನ್ನು ಯಾರೂ ಗಮನಿಸಲಿಲ್ಲ ಎಂದುಕೊಂಡರು. ದನಿ ಹಳೆಯದೇ, ಹಿಂದಿನ ಬೆಂಚಿಗೂ ಮುಟ್ಟುವ ದನಿ. ರಕ್ಕಸ ಬಂದ, ದುಂಬಿಗಳು ಬಂದವು, ಮಲ್ಲಯ್ಯ ಬಂದ, ತವರಿನ ಸೀರೆ ಬಂತು. ತವರಿನ ಸೀರೆಯ ಮಾತಿಗೆ ಒಬ್ಬಿಬ್ಬರು ಮುದುಕಿಯರು ಕಣ್ಣೊರೆಸಿಕೊಂಡರು. ಹಿಂಗೋಡೆಯ ಝೇಂಕಾರದ ಹತ್ತಿರ ಬಂದಾಗ ಸ್ವಲ್ಪ ತಡೆದು, ಅದನ್ನೂ ಓದಿಬಿಟ್ಟರು. ಮುಗಿದಾಗ ಗೆದ್ದೆ ಎನ್ನಿಸಿತು. ಸ್ಪಂದನ ತಲೆದೂಗುತ್ತ, "ಚೆನ್ನಾಗೈತಲ್ಲಮ್ಮಾ, ನಂಗೆ ಗೊತ್ತೇ ಇರ್ಲಿಲ್ಲ" ಎಂದು ತಾಯಿಯ ಕಡೆ ತಿರುಗಿದಳು.

ಪದ್ಮಲತಾ ತಾಂಬೂಲದ ತಟ್ಟೆಗೆ ಎಲೆ ಜೋಡಿಸುತ್ತಿದ್ದಳು. ಜೋಡಿಸುವುದನ್ನು ನಿಲ್ಲಿಸದೆ ಅಂದಳು, "ನಂಗೊತ್ತಿತ್ತು. ನಂದೇ ಹೆಸ್ರಲ್ವಾ."

"ಏನಂದೆ?" ಎಂದ ಆಕೆಯ ಗಂಡ ಜಯಚಂದ್ರ ಬಾಗಿಲಿನಿಂದ. ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದವನು.

"ಹೂಂ ಕಣ್ರೀ. ನಮ್ಮಪ್ಪ ಇಟ್ಟಿದ್ದು ಅದೇ. ಸ್ಕೂಲ್ಗೆ ಸೇರಿಸ್ದಾಗ ಮೇಷ್ಟ್ರು ಬದಲಾಯ್ಸಿದ್ರು." ಹೆಂಗಸರು ಗೊಳ್ಳೆಂದರು. "ಅದೆಂಗೆ ಬದ್ಲಾಯ್ಸಿದ್ರಮ್ಮ, ಲಂಗ ಬದ್ಲಾಯ್ಸಿದಂಗಾ?" ಎಂದು ಯಾರೋ ಕೂಗಿದರು. ಪದ್ಮಲತಾಳೂ ನಕ್ಕಳು. ನಗುವಿನಲ್ಲಿ ವಿಷವಿದ್ದರೆ ಮೇಷ್ಟ್ರು ತಡೆದುಕೊಳ್ಳುತ್ತಿದ್ದರು; ಹುಡುಕಿದರೂ ಇರಲಿಲ್ಲ. "ಅವ್ರ ತಾಯಿ ಹೆಸ್ರು ಅದು. ಆ ಹೆಸ್ರು ಕೂಗಿ ಹೊಡ್ಯೋಕಾಗಲ್ಲ ಅಂತ ನನ್ನ ಪದ್ಮಲತಾ ಮಾಡಿ ಹೊಡುದ್ರು." ಮತ್ತೆ ನಗು. ಮೇಷ್ಟ್ರೂ ನಗಬೇಕಾಯಿತು. ತುಟಿಯ ಮೂಲೆ ಯಾವ ಕಡೆ ಹೋಯಿತೋ ತಿಳಿಯಲಿಲ್ಲ.

"ನಿಮ್ಗೊಂದು ವಿಷ್ಯ ಗೊತ್ತಿಲ್ಲ ಬೀಗ್ರೇ" ಎಂದಳು ಪದ್ಮಲತಾ, ತಟ್ಟೆ ಪಕ್ಕಕ್ಕಿಟ್ಟು. "ನಾನು ನೀರಿಗೆ ಬಂದಾಗ ನಿಮ್ಮವ್ವ ಸೇದೋ ಬಾವಿ ಹತ್ರ ಕಾಯ್ತಾ ಇರೋರು. ನಿಮ್ಮ ಹೆಸ್ರೇನಜ್ಜಿ ಅಂತ ನಾನೇ ಒಂದಿನ ಕೇಳ್ದೆ. ಹೇಳುದ್ರು. ನಂದೂ ಅದೇ ಅಂದೆ. ಅವತ್ತು ಅವ್ರು ನಕ್ಕಿದ್ದು ನೋಡ್ಬೇಕಾಗಿತ್ತು. ಎಲ್ಲಿ, ಒಂದ್ಸಲ ಕರಿ ನನ್ನ, ಅಂದ್ರು. ಅಜ್ಜೀ ಅಂದೆ. ಅಂಗಲ್ಲ ಕಣೇ, ಹೆಸ್ರು ಹಿಡ್ದು ಕರಿ, ಅಂದ್ರು. ನಾನು ಏಳು ವರ್ಷದೋಳು, ಗಟ್ಟಿಯಾಗಿ ಕರದ್ಬುಟ್ಟೆ. ಓ ಅಂದ್ರು. ಆಮೇಲೆ ಅವ್ರು ನನ್ನ ಕರಿಯೋರು, ನಾನು ಓ ಅನ್ನೋದು. ದಿನಾ ಇದೇ ಆಟ, ನಾನು ಆರನೇ ಕ್ಲಾಸಿಗೆ ಹೋಗೋತನ್ಕ. ಮೇಷ್ಟ್ರಿಗೆ ಹೇಳ್ಬ್ಯಾಡ ಅಂತ ಬೆಲ್ಲ ಕೊಡೋರು."

ಹೆಂಗಸರು ಈ ಸಲ ನಗಲಿಲ್ಲ. ಮೇಷ್ಟ್ರ ಮನಸ್ಸು ಏನೇನೋ ಮಾಡಿತು. ಮೊದಲು, ಬೆಲ್ಲದ ಡಬ್ಬಿ ಬೇಗ ಖಾಲಿಯಾಗುತ್ತಿದ್ದದ್ದು ಇದಕ್ಕೋ ಎಂದು ಅಲ್ಪತನದಿಂದ ಹೊಳೆಯಿತು. ಆಮೇಲೆ ಇವಳು ಸುಳ್ಳು ಹೇಳುತ್ತಿದ್ದಾಳೆ ಎಂದಿತು. ಸುಳ್ಳಲ್ಲ, ಅಂಗಲ್ಲ ಕಣೇ ಎನ್ನುವ ಆ ಎಳೆತ ಅವ್ವನದೇ, ಯಾರೂ ಕಟ್ಟಿ ಹೇಳಲಾರರು. ಗರ್ಭಗುಡಿ ಎಂದು ತಾನು ಬಾಗಿಲು ಕಾಯುತ್ತಿದ್ದಾಗ ಒಳಗಿದ್ದವಳು ಹಿತ್ತಲ ಬಾಗಿಲಿನಿಂದ ಎದ್ದುಹೋಗಿ, ಬಾವಿಕಟ್ಟೆಯಲ್ಲಿ ಒಂದು ಮಗುವಿನ ಮುಂದೆ ತನ್ನ ಹೆಸರಿಗೆ ಕೈಯೊಡ್ಡುತ್ತಿದ್ದಳು. ಕೊನೆಯ ಕಾಯಿಲೆಯಲ್ಲಿ ಅವ್ವ ಇವರ ಮುಖವನ್ನೇ ನೋಡುತ್ತ ತುಟಿ ಅಲ್ಲಾಡಿಸಿದ್ದಳು. ನೀರು ಕೇಳುತ್ತಿದ್ದಾಳೆಂದು ಚಮಚದಲ್ಲಿ ನೀರು ಬಿಟ್ಟಿದ್ದರು. ಅದು ನೀರಿಗಾಗಿಯೇ ಇರಬಹುದು. ನೀರಿಗಾಗಿಯೇ ಎಂದು ಈಗ ಗಟ್ಟಿ ಹೇಳುವವರು ಯಾರು?

"ಇಡ್ರಿ ಆ ಹೆಸ್ರನ್ನ, ನಂದೇನೂ ಅಡ್ಡಿಯಿಲ್ಲ" ಎಂದಳು ಪದ್ಮಲತಾ. ಎದ್ದು ಬಂದು ತೊಟ್ಟಿಲ ಪಕ್ಕ ನಿಂತಿದ್ದಳು. ಬೀಗರೇ ಎನ್ನುವುದನ್ನು ಬಿಟ್ಟಿದ್ದಳು. "ಒಂದೇ ಮಾತು ಮೇಷ್ಟ್ರೇ. ಇಟ್ಟ ಮ್ಯಾಲೆ ನೀವು ಕರೀಬೇಕು. ಪಾಪು ಅಂತ, ಅಮ್ಮಣ್ಣಿ ಅಂತ ಕರದು, ಹೆಸ್ರು ಮಾತ್ರ ಪಟ ಮಾಡಿ ಗೋಡೆಗೆ ಏರಿಸೋದಾದ್ರೆ ಬ್ಯಾಡ. ಕೊಟ್ರೇಶಪ್ಪನೂ ಅಜ್ಜಿ ಹೆಸ್ರು ಅಂತ ಕರ್ಯಲ್ಲ, ನಂಗೊತ್ತು. ಈಗ್ಲೇ ಒಂದ್ಸಲ ಕರೀರಿ. ಮಗು ಕೇಳ್ಲಿ. ಆಮೇಲೆ ಚಂದ್ರಕಲಮ್ಮ ಕಿವೀಲಿ ಹೇಳ್ತಾಳೆ."

ಇದೇನು ದೊಡ್ಡ ಮಾತು ಎಂಬಂತೆ ಎಲ್ಲರೂ ಮೇಷ್ಟ್ರ ಕಡೆ ನೋಡಿದರು. ಅಷ್ಟರಲ್ಲಿ ತೊಟ್ಟಿಲಿಗೆ ಹಾಕಿದ್ದ ಮಗು ಮುಷ್ಟಿ ಬಾಯಿಗೆ ತುರುಕಿಕೊಂಡು ಫ್ಯಾನು ನೋಡುತ್ತಿತ್ತು. ನಾಲ್ಕೇ ಅಕ್ಷರ. ಮೇಷ್ಟ್ರು ತೊಟ್ಟಿಲ ಸರಪಣಿ ಹಿಡಿದು ಬಗ್ಗಿದರು. ನಾಲಿಗೆ ಮೇಲಕ್ಕೆ ಹೋಗಿ ಅಂಗುಳಿಗೆ ಅಂಟಿ ಅಲ್ಲೇ ನಿಂತಿತು. ಅದು ಭಕ್ತಿ ಎಂದು ಇಷ್ಟು ವರ್ಷ ತಿಳಿದಿದ್ದರು. ಭಕ್ತಿಗೆ ಹೀಗೆ ಅಂಗೈ ಬೆವರುತ್ತದೆಯೇ? ಕರೆದರೆ ಅವ್ವ ಓಗೊಟ್ಟುಬಿಟ್ಟರೆ, ಎಂದು ಒಳಗೆ ಯಾರೋ ಹೆದರುತ್ತಿದ್ದರು. ಹಾಗೆ ಹೆದರುವವನು ಇಪ್ಪತ್ತನಾಲ್ಕು ವರ್ಷದವನು, ಕೈಯಲ್ಲಿ ಪೆನ್ನು ಹಿಡಿದವನು. ಕಣ್ಣೆತ್ತಿದರೆ ನಲವತ್ತು ಮುಖ, ಎಲ್ಲವೂ ಪಾಠ ಒಪ್ಪಿಸುವವನನ್ನು ನೋಡುವ ಮುಖ.

"ಭ್ರಮರ ಅಂದರೆ" ಎಂದು ಅವರ ಬಾಯಿ ಶುರುಮಾಡಿತು, "ಭ್ರಮರ ಅಂದರೆ ದುಂಬಿ. ಅಂಬಾ ಅಂದರೆ ತಾಯಿ. ಇದರಲ್ಲಿ ವಿಶೇಷ ಏನಪ್ಪಾ ಅಂದ್ರೆ, ಆರು ಕಾಲಿನ..."

"ಅರ್ಥ ಕೇಳ್ಲಿಲ್ಲ ಮೇಷ್ಟ್ರೇ" ಎಂದಳು ಪದ್ಮಲತಾ. ದನಿ ಮೆತ್ತಗಿತ್ತು, ದಡ್ಡ ಹುಡುಗನಿಗೆ ಇನ್ನೊಮ್ಮೆ ಹೇಳಿಕೊಡುವ ದನಿ. "ಕರೀರಿ ಅಂದೆ."

ಮಗು ಅಳತೊಡಗಿತು. ಸ್ಪಂದನ ಒಂದು ಹೆಜ್ಜೆ ಮುಂದೆ ಬಂದಳು. ಯಾರೋ ಮುದುಕಿ, "ಹೊತ್ತು ಮೀರ್ತದೆ ಕಣ್ರಮ್ಮಾ, ಯಾವುದೋ ಒಂದು ಅನ್ರಿ" ಎಂದಳು. ಚಂದ್ರಕಲಾ ತಂದೆಯ ಮುಖ ನೋಡಿದಳು. ಕಾದಳು. ಬಸ್ಸಿನಲ್ಲಿದ್ದ ಕೊಂಕು ಆ ಮುಖದಲ್ಲಿರಲಿಲ್ಲ, ಕರೆಯಿರಪ್ಪಾ, ಒಂದು ಸಲ ಕರೆದುಬಿಡಿ ಎಂದು ಬೇಡುವಂತಿತ್ತು. ಮೇಷ್ಟ್ರು ಸರಪಣಿ ಬಿಟ್ಟು ಹಾಳೆಯನ್ನು ಮಡಚತೊಡಗಿದರು, ಎರಡಾಗಿ, ನಾಲ್ಕಾಗಿ, ಎಂಟಾಗಿ. ಚಂದ್ರಕಲಾ ತೊಟ್ಟಿಲಿಗೆ ಬಗ್ಗಿ ಮಗುವಿನ ಕಿವಿಗೆ ಕೈ ಅಡ್ಡ ಹಿಡಿದು ಹೇಳಿದಳು. ಅವಳು ಮೇಲೇಳುವುದರೊಳಗೆ ಹೆಂಗಸರು ಮುಗಿಬಿದ್ದು, ಶಾಸ್ತ್ರದಂತೆ ಸೋದರತ್ತೆಯ ಬೆನ್ನಿಗೆ ಧಬಧಬನೆ ಗುದ್ದಿದರು. ಕೊಟ್ರೇಶ ಶಾಲು ಎಳೆದ. ಏಳು ಅಕ್ಷರ ಹೊಳೆದವು. ಚಪ್ಪಾಳೆ. "ರಿಯಾನ್ವೀ, ರಿಯಾನ್ವಮ್ಮಾ, ಬಾರೇ ನನ್ ಕಳ್ಳಿ" ಎಂದು ಪದ್ಮಲತಾ ಮೊಮ್ಮಗಳನ್ನು ಎತ್ತಿಕೊಂಡಳು. ಅರ್ಥವಿಲ್ಲದ ಆ ಹೆಸರು ಅವಳ ಬಾಯಲ್ಲಿ ಎಷ್ಟು ಸಲೀಸಾಗಿ ಹೊರಳಿತೆಂದರೆ ಮಗು ಅಳು ನಿಲ್ಲಿಸಿ ಅವಳ ಮೂಗು ಹಿಡಿಯಲು ಹೋಯಿತು.

ಊಟಕ್ಕೆ ಎಲೆ ಹಾಕುವ ಗಡಿಬಿಡಿಯಲ್ಲಿ ಮೇಷ್ಟ್ರು ಮೆಟ್ಟಿಲಿಳಿದರು. ಯಾರೂ ತಡೆಯಲಿಲ್ಲ, ಕೈ ತೊಳೆಯಲು ಹೊರಟರೆಂದುಕೊಂಡಿರಬೇಕು. ಅಂಗಡಿಯ ಪಕ್ಕದ ಗಲ್ಲಿಯಲ್ಲಿ ಬಿಸಿಲು ನೆಟ್ಟಗೆ ಬಿದ್ದಿತ್ತು. ಎಲ್ಲರನ್ನೂ ಒಬ್ಬೊಬ್ಬರನ್ನಾಗಿ ಹಂಗಿಸಿಕೊಂಡರು. ಮಗ ಬುದ್ಧಿಯಿಲ್ಲದವನು. ಮಗಳು ದ್ರೋಹಿ. ಬೀಗಿತಿ ನಲವತ್ತು ಜನರ ಮುಂದೆ ಮರ್ಯಾದೆ ತೆಗೆದವಳು. ಹಂಗಿಸಿ ಮುಗಿದ ಮೇಲೂ ಹಂಗಿಸುವ ಬಾಯಿ ಸುಮ್ಮನಾಗದೆ ತೆರೆದೇ ಇತ್ತು. ತಿರುಗಿ ನೋಡಿದರೆ ಹಂಗಿಸಲು ಉಳಿದಿದ್ದವನು ತಾನೊಬ್ಬನೇ. ಬೋರ್‌ವೆಲ್ ಲಾರಿಯೊಂದು ಕಬ್ಬಿಣದ ಪೈಪುಗಳನ್ನು ಕುಲುಕಿಸಿಕೊಂಡು ಗಲ್ಲಿಯ ಬಾಯಿಗೆ ಬಂತು. ಆ ಸದ್ದಿನಲ್ಲಿ ಯಾರಿಗೂ ಕೇಳಿಸದು ಎಂಬ ಧೈರ್ಯದ ಮೇಲೆ ಮೇಷ್ಟ್ರು ಗೋಡೆಯ ಕಡೆ ಮುಖ ಮಾಡಿ ಕಣ್ಣು ಮುಚ್ಚಿದರು. ದನಿ ಹೊರಡುವಷ್ಟರಲ್ಲಿ ಲಾರಿ ತಿರುವು ದಾಟಿಹೋಗಿತ್ತು.

"ಭ್ರಮರಾಂಬಾ."

ಖಾಲಿ ಗಲ್ಲಿಯಲ್ಲಿ ಅದು ಬೇಕಾದ್ದಕ್ಕಿಂತ ದೊಡ್ಡದಾಗಿ ಕೇಳಿಸಿತು. ಎದುರು ಮನೆಯ ಜಗಲಿಯಲ್ಲಿ ಕಡಲೆಕಾಯಿ ಸುಲಿಯುತ್ತಿದ್ದ ಹೆಂಗಸೊಬ್ಬಳು ಕತ್ತೆತ್ತಿದಳು.

"ಎವರ್ನಿ ಪಿಲುಸ್ತುನ್ನಾರು ಸಾಮೀ?" ಎಂದಳು. ಯಾರನ್ನು ಕರೆಯುತ್ತಿದ್ದೀರಿ ಎಂದು.

"ಎವರ್ನೀ ಲೇದಮ್ಮಾ" ಎಂದರು ಮೇಷ್ಟ್ರು. ಯಾರನ್ನೂ ಇಲ್ಲ.

ಹೆಂಗಸು ನಂಬಲಿಲ್ಲ. ಕರೆಸಿಕೊಂಡವಳು ಎಲ್ಲಾದರೂ ಬರುತ್ತಿದ್ದಾಳೇನೋ ಎಂದು ಗಲ್ಲಿಯ ಆ ತುದಿಯವರೆಗೂ ಈ ತುದಿಯವರೆಗೂ ಕಣ್ಣು ಹಾಯಿಸಿದಳು. ಯಾರೂ ಕಾಣದೆ, ಮತ್ತೆ ಕಾಯಿ ಸುಲಿಯತೊಡಗಿದಳು.